ಮುಚ್ಚಿದ ಗಣಿಯ ಮುಂದೆ

ಸ್ಮಾರಕ ಎಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ದೇವಾಲಯ, ಕೋಟೆ, ಶಾಸನ, ವೀರಗಲ್ಲು. ಕೋಲಾರ ಸೀಮೆಯವನಾದ ನನಗೆ ಇದು ಇನ್ನಷ್ಟು ಸಹಜ. ಕೋಲಾರಮ್ಮನ ಗುಡಿ, ಸೋಮೇಶ್ವರನ ಮಂಟಪ, ಆವಣಿಯ ರಾಮಲಿಂಗೇಶ್ವರ, ಕುರುಡುಮಲೆಯ ಗಣಪತಿ ಇವುಗಳನ್ನು ನೋಡುತ್ತ ಬೆಳೆದವರು ನಾವು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟ ಪೂರ್ತಿಯಾಗಿ ನಮ್ಮ ಜಿಲ್ಲೆಯ ಶಾಸನಗಳಿಗೇ ಮೀಸಲು. ಅದು ಪ್ರಕಟವಾದದ್ದು 1905ರಲ್ಲಿ. ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಮಡಿದವನ, ಊರನ್ನು ಕಾಯುತ್ತ ಬಿದ್ದವನ ಹೆಸರು ಆ ಸಂಪುಟದ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಕಲ್ಲುಗಳನ್ನು ಓದಿಸುತ್ತಲೇ ನನ್ನ ಅಧ್ಯಾಪನ ವೃತ್ತಿಯ ಬಹುಭಾಗ ಕಳೆಯಿತು.

ಆದರೆ ಇದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಗೋಪುರಗಳಿವೆ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಕಿಟಕಿಯ ಬಳಿ ಕುಳಿತವರಿಗೆ ಅವು ಕಾಣುತ್ತವೆ. ಉಕ್ಕಿನ ತೊಲೆಗಳನ್ನು ಜೋಡಿಸಿ ಎತ್ತರಕ್ಕೆ ನಿಲ್ಲಿಸಿದ ಚೌಕಟ್ಟು, ಅದರ ತುದಿಯಲ್ಲಿ ತಿರುಗದೆ ನಿಂತ ದೊಡ್ಡ ಚಕ್ರ, ಪಕ್ಕದಲ್ಲಿ ಹೆಂಚು ಹಾರಿಹೋದ ಯಂತ್ರಶಾಲೆ, ಹಿಂದೆ ಬೂದುಬಣ್ಣದ ಮಟ್ಟಸವಾದ ಗುಡ್ಡ. ಇವು ಕೋಲಾರ ಚಿನ್ನದ ಗಣಿಯ ಅವಶೇಷಗಳು. ಇವುಗಳನ್ನು ಸ್ಮಾರಕ ಎಂದು ಕರೆಯಬಹುದೇ? ಕರೆದರೆ ಯಾರ ಸ್ಮಾರಕ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದು ನಾನು ಇಂದು ಮಾತಿಗೆ ತೊಡಗಿದ್ದೇನೆ.

ಪ್ರಶ್ನೆ ನನ್ನದಲ್ಲ. ಬಹಳ ವರ್ಷಗಳ ಹಿಂದೆ, ವೀರಗಲ್ಲುಗಳ ಪಾಠ ಮುಗಿಸಿ ಪುಸ್ತಕ ಮಡಿಸುತ್ತಿದ್ದಾಗ, ಕೊನೆಯ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತ. ಚಾಂಪಿಯನ್ ರೀಫ್ಸ್ ಕಡೆಯ ಹುಡುಗ, ಮನೆಮಾತು ತಮಿಳು, ತಂದೆ ಗಣಿಯಲ್ಲಿ ಕೆಲಸಗಾರ. “ಸರ್, ಹಸು ಬಿಡಿಸೋಕೆ ಹೋಗಿ ಸತ್ತೋನಿಗೆ ಕಲ್ಲು ನಿಲ್ಲಿಸಿದ್ರು. ನಮ್ಮ ಶಾಫ್ಟಿನೊಳಗೆ ಸತ್ತೋರಿಗೆ ಯಾಕೆ ಇಲ್ಲ?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು, ಪಠ್ಯದಲ್ಲಿ ಅದು ಬರುವುದಿಲ್ಲವಪ್ಪ ಎಂದು ಹೇಳಿ ಹೊರಬಂದೆ. ಆ ನಗುವಿಗಾಗಿ ಇಂದಿಗೂ ನಾಚುತ್ತೇನೆ.

ನಾಚುವುದಕ್ಕೆ ಇನ್ನೊಂದು ಕಾರಣವೂ ಉಂಟು. ಆ ಗಣಿ ನನಗೆ ಅಪರಿಚಿತವಾಗಿರಲಿಲ್ಲ. ನನ್ನ ಹುಟ್ಟೂರು ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ. ಆಂಧ್ರದ ಗಡಿಯ ಮಗ್ಗುಲಲ್ಲಿರುವ ಊರು. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮ ತಾಯಿಯ ತಮ್ಮ ಚಿನ್ನದ ಗಣಿಯ ಗಿರಣಿ ವಿಭಾಗದಲ್ಲಿ ಫಿಟ್ಟರ್ ಆಗಿದ್ದರು. 1970ರ ಸುಮಾರಿನಲ್ಲಿ, ಬೇಸಗೆಯ ರಜೆಯಲ್ಲಿ, ಅವರು ನನ್ನನ್ನು ಒಮ್ಮೆ ಕರೆದುಕೊಂಡು ಹೋದರು. ಶ್ರೀನಿವಾಸಪುರದವರೆಗೆ ಬಸ್ಸು, ಅಲ್ಲಿಂದ ಕೋಲಾರದ ಮೇಲೆ ಬಂಗಾರಪೇಟೆಗೆ ಆಗ ಓಡುತ್ತಿದ್ದ ಪುಟ್ಟ ಹಳಿಯ ರೈಲು, ಬಂಗಾರಪೇಟೆಯಲ್ಲಿ ಇಳಿದು ದೊಡ್ಡ ಹಳಿಯ ರೈಲು. ಊರಿಗೆ ಹತ್ತಿರವಾಗುತ್ತಿದ್ದಂತೆ ನೆಲದೊಳಗಿನಿಂದಲೇ ಬರುವಂಥ ಒಂದು ಗುಡುಗು ಕಿವಿಗೆ ಬಿತ್ತು. ಗಿರಣಿ ಕಲ್ಲು ಅರೆಯುವ ಸದ್ದು ಅದೆಂದು ಮಾವ ಹೇಳಿದರು. ರಾತ್ರಿಯೆಲ್ಲ ಅದು ನಿಲ್ಲಲಿಲ್ಲ. ನನಗೆ ನಿದ್ದೆ ಬರಲಿಲ್ಲ. ಅತ್ತೆ ಮಾತ್ರ, “ಸದ್ದು ನಿಂತರೆ ನಮಗೆ ಎಚ್ಚರವಾಗುತ್ತೆ” ಎಂದರು.

ಮಾರನೆಯ ದಿನ ನಾನು ಮಾವನನ್ನು ಕೇಳಿದ್ದು ಒಂದೇ ಮಾತು: ಚಿನ್ನ ತೋರಿಸು. ಅವರು ತೆಲುಗಿನಲ್ಲಿ ಕೊಟ್ಟ ಉತ್ತರ ಕನ್ನಡದಲ್ಲಿ ಹೀಗಾಗುತ್ತದೆ: “ಈ ಊರಲ್ಲಿ ಚಿನ್ನ ಕಂಡವರು ಬಹಳ ಕಮ್ಮಿ ಕಣಪ್ಪ. ಕಲ್ಲು ಕಂಡವರೇ ಎಲ್ಲ.”

ಮಾವನ ಈ ಮಾತಿನ ಅರ್ಥ ತಿಳಿಯಬೇಕಾದರೆ ಗಣಿಯ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಕೋಲಾರದ ನೆಲದಲ್ಲಿ ಚಿನ್ನವಿದೆಯೆಂಬುದನ್ನು ಇಂಗ್ಲಿಷರು ಕಂಡುಹಿಡಿದರೆಂಬ ಮಾತು ಪೂರ್ತಿ ನಿಜವಲ್ಲ. ಟಿಪ್ಪುವಿನ ಪತನದ ಬಳಿಕ ಮೈಸೂರಿನ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಈ ಭಾಗದಲ್ಲಿ ಚಿನ್ನದ ಸುದ್ದಿ ಕೇಳಿದ. ಅವನಿಗೆ ಅದನ್ನು ತೋರಿಸಿಕೊಟ್ಟವರು ಊರಿಗಾಂ ಮತ್ತು ಮಾರಿಕುಪ್ಪದ ಸುತ್ತಿನ ಹಳ್ಳಿಗರು. ಮಣ್ಣನ್ನು ನೀರಿನಲ್ಲಿ ಜಾಲಿಸಿ ಹಳದಿಯ ಕಣಗಳನ್ನು ಬೇರ್ಪಡಿಸುವ ವಿದ್ಯೆ ಅವರಿಗೆ ಮೊದಲೇ ತಿಳಿದಿತ್ತು. ಅವರ ಹಿರಿಯರು ತೋಡಿದ ಹಳೆಯ ಗುಂಡಿಗಳೂ ಅಲ್ಲಿದ್ದವು. ವಾರೆನ್ ಮಾಡಿದ ಕೆಲಸವೆಂದರೆ ಅದನ್ನು ಕಾಗದದ ಮೇಲೆ ಬರೆದದ್ದು. ಬರೆದವನ ಹೆಸರು ಉಳಿಯಿತು. ಜಾಲಿಸಿದವರ ಹೆಸರು ಉಳಿಯಲಿಲ್ಲ. ಈ ಗಣಿಯ ಚರಿತ್ರೆಯ ಮೊದಲ ಪುಟದಲ್ಲೇ ಆದ ಈ ಸಂಗತಿ ಕೊನೆಯ ಪುಟದವರೆಗೂ ಮುಂದುವರಿಯಿತು.

ಆ ಬರಹವನ್ನು ಎಪ್ಪತ್ತು ವರ್ಷಗಳ ಬಳಿಕ ಓದಿದವನು ಮೈಕೇಲ್ ಲವೆಲ್, ಸೈನ್ಯದಿಂದ ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ. ಅವನು 1873ರಲ್ಲಿ ಮೈಸೂರು ಸರಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಗಣಿ ತೋಡುವ ಹಕ್ಕನ್ನು ಪಡೆದ. ಹಣವಿಲ್ಲದ ಅವನ ಕೈಯಿಂದ ಆ ಹಕ್ಕು ಬೇರೆಯವರ ಕೈಗೆ ದಾಟಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆ ರಂಗಕ್ಕೆ ಬಂದ ಮೇಲೆ ಗಣಿಗಾರಿಕೆ ನೆಲೆನಿಂತಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಾಘಾಟ್ ಎಂಬ ಹೆಸರಿನ ಗಣಿಗಳು ಒಂದೇ ಸಾಲಿನಲ್ಲಿ ತಲೆಯೆತ್ತಿದವು. ಆ ದಿನಗಳ ಒಂದು ವಿನೋದವನ್ನು ಹೇಳಬೇಕು. ಊರಿಗಾಂ ಕಂಪನಿಯ ಷೇರುಗಳ ವ್ಯಾಜ್ಯ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ವರೆಗೆ ಹೋಗಿ 1892ರಲ್ಲಿ ತೀರ್ಮಾನವಾಯಿತು. ಷೇರನ್ನು ಅದರ ಮುಖಬೆಲೆಗಿಂತ ಕಡಿಮೆಗೆ ಕೊಡಕೂಡದೆಂಬ ಆ ತೀರ್ಪು ಕಂಪನಿ ಕಾನೂನಿನ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಬಂಗಾರಪೇಟೆ ಎಲ್ಲಿದೆಯೆಂದು ತಿಳಿಯದ ದೂರದೇಶದ ವಕೀಲರೂ ನಮ್ಮ ಊರಿಗಾಂ ಹೆಸರನ್ನು ಉರುಹೊಡೆದಿದ್ದಾರೆ.

ಗಣಿಯ ಬೆನ್ನಿಗೆ ರೈಲು ಬಂತು. ಬೌರಿಂಗ್‌ಪೇಟೆ, ಎಂದರೆ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ. ಬೇತಮಂಗಲದಲ್ಲಿ ಪಾಲಾರಿನ ನೀರನ್ನು ಶುದ್ಧಿಗೊಳಿಸಿ ಕೊಳವೆಯಲ್ಲಿ ತರಲಾಯಿತು. ಎಲ್ಲಕ್ಕಿಂತ ದೊಡ್ಡ ಸಾಹಸವೆಂದರೆ ವಿದ್ಯುತ್ತಿನದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆ ಫಲಿಸಿ, 1902ರ ಜೂನ್ 30ರಂದು ಕಾವೇರಿಯ ಶಕ್ತಿ ಸುಮಾರು 92 ಮೈಲಿ ದೂರವನ್ನು ತಂತಿಯ ಮೇಲೆ ದಾಟಿ ಗಣಿಯ ಯಂತ್ರಗಳನ್ನು ತಿರುಗಿಸಿತು. ಆ ಕಾಲಕ್ಕೆ ಜಗತ್ತಿನ ಅತಿ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ರಾಜಧಾನಿಗಿಂತ ಮೊದಲೇ ಬೆಳಕು ಕಂಡ ಊರು ಇದು. ಆ ಬೆಳಕನ್ನು ತಂದದ್ದು ಮಾತ್ರ ಕತ್ತಲೆಯಲ್ಲಿ ಕೆಲಸ ಮಾಡಿಸುವುದಕ್ಕಾಗಿ.

ಇನ್ನು ಕಲ್ಲಿನಿಂದ ಚಿನ್ನ ಬರುವ ಬಗೆ. ಇದು ತಿಳಿದರೆ ಇಂದು ಅಲ್ಲಿ ಪಾಳುಬಿದ್ದಿರುವ ಒಂದೊಂದು ಕಟ್ಟಡವೂ ಮಾತಾಡುತ್ತದೆ. ನೆಲದಾಳದಲ್ಲಿ ಬೆಣಚುಕಲ್ಲಿನ ಪದರ ಓರೆಯಾಗಿ ಇಳಿದುಹೋಗಿದೆ. ಅದರ ಬೆನ್ನು ಹತ್ತಿ ಬಾವಿಯಂತೆ ತೋಡಿದ್ದೇ ಶಾಫ್ಟು. ಮೇಲಿನ ಉಕ್ಕಿನ ಗೋಪುರದ ಚಕ್ರದ ಮೇಲೆ ಹಾದುಹೋಗುವ ಹಗ್ಗಕ್ಕೆ ಕಟ್ಟಿದ ಪಂಜರದಲ್ಲಿ ಕೆಲಸಗಾರರು ಇಳಿಯುತ್ತಾರೆ. ಕಲ್ಲಿಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುತ್ತಾರೆ. ಒಡೆದ ಕಲ್ಲನ್ನು ಮೇಲೆತ್ತಿ ಗಿರಣಿಯಲ್ಲಿ ನೀರಿನೊಡನೆ ಕುಟ್ಟಿ ಅರೆಯುತ್ತಾರೆ. ಹಿಂದೆ ಆ ಕೆಸರನ್ನು ಪಾದರಸ ಬಳಿದ ತಾಮ್ರದ ಹಲಗೆಗಳ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟುತ್ತಿತ್ತು. ಅದಕ್ಕೂ ಸಿಗದೆ ತಪ್ಪಿಸಿಕೊಂಡ ಚಿನ್ನವನ್ನು ಸೈನೈಡಿನ ದ್ರಾವಣದಲ್ಲಿ ಕರಗಿಸಿ, ಸತುವಿನ ನೆರವಿನಿಂದ ಮತ್ತೆ ಬೇರ್ಪಡಿಸುವ ಕ್ರಮ 19ನೆಯ ಶತಮಾನದ ಕೊನೆಯಲ್ಲಿ ಬಂತು. ಚಿನ್ನ ತೆಗೆದ ಮೇಲೆ ಉಳಿಯುವ ನುಣ್ಣನೆಯ ಮಣ್ಣನ್ನು ಹೊರಗೆ ಸುರಿದರು. ಹಾಗೆ ಸುರಿದು ಸುರಿದು ಎದ್ದದ್ದೇ ಊರಿನವರು ಸೈನೈಡ್ ಗುಡ್ಡವೆನ್ನುವ ಆ ಬೂದುಗುಡ್ಡಗಳು. ಹದಿಮೂರು ಗುಡ್ಡಗಳು, ಮೂರು ಕೋಟಿ ಟನ್ನಿಗೂ ಮೀರಿದ ಮಣ್ಣು. ನೂರ ಇಪ್ಪತ್ತು ವರ್ಷಗಳಲ್ಲಿ ಅದರೊಳಗಿಂದ ಬಂದ ಚಿನ್ನ ಸುಮಾರು 800 ಟನ್ನು. ಮಾವ ಹೇಳಿದ್ದು ಸರಿ. ಆ ಊರಿಗೆ ಉಳಿದದ್ದು ಕಲ್ಲು, ಕಲ್ಲಿನ ಹುಡಿ. ಚಿನ್ನ ಬಹುಕಾಲ ಲಂಡನ್ನಿಗೆ ಹೋಯಿತು.

ಇಳಿದವರು ಯಾರು? ಉತ್ತರ ಆರ್ಕಾಟಿನ ಬರಡು ಸೀಮೆಯಿಂದ ಬಂದ ತಮಿಳರು, ಅವರಲ್ಲಿ ಬಹುಮಂದಿ ಅಸ್ಪೃಶ್ಯರೆಂದು ಊರಿನಿಂದ ದೂರವಿಡಲ್ಪಟ್ಟವರು. ಚಿತ್ತೂರಿನ ಕಡೆಯ ತೆಲುಗರು. ನಮ್ಮ ಸುತ್ತಿನ ಹಳ್ಳಿಗಳ ಕೆಲವರು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ತವರದ ಗಣಿಗಳು ಸೊರಗಿದಾಗ ಅಲ್ಲಿನ ನುರಿತ ಗಣಿಗಾರರು ಇಲ್ಲಿಗೆ ಮೇಲ್ವಿಚಾರಕರಾಗಿ ಬಂದರು. ಅವರಿಗೆ ತೋಟದ ನಡುವೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಲಸಗಾರರಿಗೆ ತಟ್ಟಿಯ ಗೋಡೆಯ ಒಂದೇ ಕೋಣೆಯ ಸಾಲುಮನೆ. ಅದನ್ನು ‘ಲೈನು’ ಎನ್ನುತ್ತಿದ್ದರು. ಕಳೆದ ಶತಮಾನದ ಮೊದಲ ದಶಕಗಳಲ್ಲಿ 20,000ಕ್ಕೂ ಹೆಚ್ಚು ಮಂದಿ ಇಲ್ಲಿ ದುಡಿಯುತ್ತಿದ್ದರು.

ಗಣಿ ಆಳವಾದಂತೆ ಕಷ್ಟವೂ ಆಳವಾಯಿತು. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಮೀರಿ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಆ ಆಳದಲ್ಲಿ ಬಂಡೆಯ ಮೈ ಮುಟ್ಟಲಾರದಷ್ಟು ಬಿಸಿ. ಮೇಲಿನ ಭಾರಕ್ಕೆ ಬಂಡೆ ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿಯುತ್ತಿತ್ತು. ಆ ಅದುರು ಊರಿನ ಮನೆಗಳವರೆಗೂ ಮುಟ್ಟುತ್ತಿತ್ತು. ಅದುರಿದ ಕೂಡಲೇ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಶಾಫ್ಟಿನ ಬಾಗಿಲಿಗೆ ಓಡುತ್ತಿದ್ದರೆಂದು ನನ್ನ ಅತ್ತೆ ಹೇಳುತ್ತಿದ್ದರು. ಸಿಡಿತಕ್ಕಿಂತ ನಿಧಾನವಾದ, ಆದರೆ ಅದಕ್ಕಿಂತ ಹೆಚ್ಚು ಮಂದಿಯನ್ನು ಕಾಡಿದ ಶತ್ರು ಹುಡಿ. ಬೆಣಚುಕಲ್ಲಿನ ಸಣ್ಣ ಹುಡಿ ಶ್ವಾಸಕೋಶಕ್ಕೆ ಸೇರಿ ಅದನ್ನು ಗಟ್ಟಿಗೊಳಿಸುತ್ತದೆ. ಸಿಲಿಕೋಸಿಸ್ ಎಂಬುದು ಅದರ ಹೆಸರು. 1940ರ ದಶಕದಲ್ಲಿ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಮಂದಿಯಲ್ಲಿ ಈ ರೋಗ ಕಂಡಿತು. ನಮ್ಮ ದೇಶದ ವೈದ್ಯಕೀಯ ಪಠ್ಯಗಳಲ್ಲಿ ಈ ಅಂಕಿ ಇಂದಿಗೂ ಅಚ್ಚಾಗುತ್ತಿದೆ. ಇತಿಹಾಸದ ಪಠ್ಯಗಳಲ್ಲಿ ಆ 7,653 ಮಂದಿಗೆ ಒಂದು ಸಾಲಿನ ಎಡೆಯೂ ದೊರೆತದ್ದನ್ನು ನಾನು ಕಾಣೆ.

ಇವರು ಮೂಕರಾಗಿ ಸಹಿಸಿಕೊಂಡಿದ್ದರೆಂದು ತಿಳಿಯಬಾರದು. ಪ್ರತಿಯೊಬ್ಬ ಕೆಲಸಗಾರನ ಬೆರಳಚ್ಚನ್ನು ಅಪರಾಧಿಗಳದ್ದನ್ನು ತೆಗೆದುಕೊಳ್ಳುವಂತೆ ತೆಗೆದುಕೊಳ್ಳುವ ಕ್ರಮ ಬಂದಾಗ, 1930ರಲ್ಲಿ, ಅವರು ಗಣಿಗೆ ಇಳಿಯಲು ನಿರಾಕರಿಸಿದರು. ಕೂಲಿಯ ಲೆಕ್ಕಕ್ಕಿಂತ ಮಾನದ ಲೆಕ್ಕ ಆ ಮುಷ್ಕರದಲ್ಲಿ ಮುಖ್ಯವಾಗಿತ್ತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಅಲ್ಲಿನ ಕಾರ್ಮಿಕ ಸಂಘಟನೆಗಳು ಅವರನ್ನು ಮರೆತಿಲ್ಲ. ಮರೆತವರು ಹೊರಗಿನವರಾದ ನಾವು.

ಸ್ವಾತಂತ್ರ್ಯಾನಂತರ, 1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರಕಾರಕ್ಕೆ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಈ ನಡುವೆ ಜಗತ್ತಿನ ವಿಜ್ಞಾನಕ್ಕೆ ಗಣಿ ಒಂದು ಅಪೂರ್ವ ಕೊಡುಗೆಯಿತ್ತಿತು. 1965ರಲ್ಲಿ, ಚಾಂಪಿಯನ್ ರೀಫಿನ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳ ಸಹಯೋಗದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿಯೂ ಇಂಥ ಫಲ ದೊರೆಯಿತು. ಮೇಲಿನ ಬಂಡೆಯ ದಪ್ಪ ಬೇರೆ ಕಣಗಳನ್ನೆಲ್ಲ ತಡೆಯುತ್ತಿದ್ದುದರಿಂದಲೇ ಈ ಪ್ರಯೋಗ ಸಾಧ್ಯವಾಯಿತು. ವಿಜ್ಞಾನಿಗಳನ್ನೂ ಅವರ ಉಪಕರಣಗಳನ್ನೂ ಇಳಿಸಿದ್ದು ಮಾತ್ರ ಕೆಲಸಗಾರರನ್ನು ಇಳಿಸುತ್ತಿದ್ದ ಅದೇ ಪಂಜರ.

ಆಳ ಹೆಚ್ಚಿದಂತೆ ಖರ್ಚು ಏರಿತು, ಟನ್ನು ಕಲ್ಲಿಗೆ ಸಿಗುವ ಚಿನ್ನ ಕೆಲವೇ ಗ್ರಾಮುಗಳಿಗೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೀರು ಹೊರಹಾಕುವ ಪಂಪುಗಳು ನಿಂತುದರಿಂದ ಶಾಫ್ಟುಗಳಲ್ಲಿ ನೀರು ತುಂಬಿತು. ಮಾವ ಅದಕ್ಕೆ ಮೊದಲೇ ತೀರಿಕೊಂಡಿದ್ದರು, ಅತ್ತೆ ಇದ್ದರು. ನಾನು ನೋಡಲು ಹೋದಾಗ ಅವರು ಹೇಳಿದ್ದು, “ರಾತ್ರಿ ಎಚ್ಚರವಾಗುತ್ತೆ, ಏನೂ ಕೇಳಿಸೋದಿಲ್ಲ” ಎಂದು. ಮೂವತ್ತು ವರ್ಷಗಳ ಹಿಂದಿನ ಅವರ ಮಾತು ನನಗೆ ನೆನಪಾಯಿತು.

ಆಮೇಲಿನ ಕಥೆ ಪತ್ರಿಕೆ ಓದುವವರಿಗೆಲ್ಲ ತಿಳಿದದ್ದೇ. ಗಣಿಯ ಮಕ್ಕಳು ಮೊಮ್ಮಕ್ಕಳು ಸಾವಿರಗಟ್ಟಲೆಯಾಗಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಗಾಳಿಯ ಕಾಲದಲ್ಲಿ ಸೈನೈಡ್ ಗುಡ್ಡದ ಹುಡಿ ಮನೆಯ ಅನ್ನದ ತಟ್ಟೆಗೂ ಬಂದು ಬೀಳುತ್ತದೆ. ಯಂತ್ರಶಾಲೆಗಳ ಕಬ್ಬಿಣ ತುಕ್ಕು ಹಿಡಿಯಿತು. 2018ರಲ್ಲಿ ಬಂದ ಒಂದು ಚಲನಚಿತ್ರ ಆ ಊರಿನ ಹೆಸರಿನ ಮೂರಕ್ಷರವನ್ನು ದೇಶದ ಮೂಲೆಮೂಲೆಗೂ ಒಯ್ದಿತು. ಜನ ಆ ಗುಡ್ಡಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ಚಲನಚಿತ್ರ ಕಲ್ಪನೆಯ ಕಥೆ, ಅದನ್ನು ಆಕ್ಷೇಪಿಸಬೇಕಾದ್ದಿಲ್ಲ. ಆದರೆ ಕಲ್ಪನೆಯ ವೀರನನ್ನು ಬಲ್ಲ ಮಂದಿಗೆ ನಿಜವಾಗಿ ಇಳಿದವನ ಹೆಸರು ತಿಳಿಯದಿರುವುದು ಯೋಚಿಸಬೇಕಾದ ಸಂಗತಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗಣಿಪ್ರದೇಶದ ಪೆದ್ದಪಲ್ಲಿಯಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಜ್ವಾಲಾಮುಖಿಯ ಶಿಲೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅವುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದು ಆಗಬೇಕಾದ್ದೇ. ಹಾಗೆಂದರೆ ಅಲ್ಲಿ ಕಲ್ಲಿಗೆ ಮಾನ್ಯತೆ ದೊರೆತಿದೆ. ಕಲ್ಲನ್ನು ಒಡೆದವನಿಗೆ, ಒಡೆಯಲು ನೆರವಾದ ಯಂತ್ರಕ್ಕೆ ಅಂಥ ಮಾನ್ಯತೆ ಇನ್ನೂ ದೊರೆಯಬೇಕಾಗಿದೆ. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಒಂದು ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ತುಂಬಿರಬೇಕೆನ್ನುತ್ತದೆ. 1902ರ ವಿದ್ಯುತ್ತಿಗೆ ನೂರು ವರ್ಷ ತುಂಬಿ ಎರಡು ದಶಕಗಳೇ ಆದವು. ವಯಸ್ಸಿನ ಕೊರತೆ ಇಲ್ಲ. ಕೊರತೆ ಇರುವುದು ನಮ್ಮ ನೋಟದಲ್ಲಿ.

ಬೇರೆ ದೇಶಗಳಲ್ಲಿ ಈ ನೋಟ ಹೇಗೆ ಬದಲಾಯಿತೆಂಬುದಕ್ಕೆ ನಮ್ಮ ಗಣಿಯ ಸಂಬಂಧಿಕರಲ್ಲೇ ಉದಾಹರಣೆಯಿದೆ. ಮೇಲ್ವಿಚಾರಕರು ಯಾವ ಕಾರ್ನ್‌ವಾಲಿನಿಂದ ಬಂದರೋ ಆ ಕಾರ್ನ್‌ವಾಲಿನ ಪಾಳುಬಿದ್ದ ತವರದ ಗಣಿಗಳು, ಅವುಗಳ ಯಂತ್ರಶಾಲೆಗಳು, ನೆರೆಯ ಪಶ್ಚಿಮ ಡೆವನ್ನಿನ ಗಣಿಗಳೊಡನೆ, 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜರ್ಮನಿಯ ಫೋಲ್ಕ್‌ಲಿಂಗನ್ ಎಂಬಲ್ಲಿಯ ಕಬ್ಬಿಣದ ಕಾರ್ಖಾನೆ ಅದಕ್ಕೂ ಮೊದಲೇ, 1994ರಲ್ಲಿ, ಸೇರಿತ್ತು. ಕಾರ್ಖಾನೆಯೆಂದರೆ ಗೋಡೆ ಮತ್ತು ಯಂತ್ರ ಮಾತ್ರವಲ್ಲ, ಅಲ್ಲಿ ದುಡಿದವರ ನೆನಪು ಮತ್ತು ಕೈಚಳಕವೂ ಅದರ ಭಾಗ ಎಂಬ ವಿಚಾರವನ್ನು ರಷ್ಯದ ನಿಜ್ನಿ ಟಾಗಿಲ್ ಎಂಬ ಊರಿನಲ್ಲಿ ಸೇರಿದ ತಜ್ಞರು 2003ರಲ್ಲಿ ಒಂದು ಸನ್ನದಿನ ರೂಪದಲ್ಲಿ ಒಪ್ಪಿಕೊಂಡರು.

ಇವೆಲ್ಲ ಸಿರಿವಂತ ದೇಶಗಳ ಮಾತೆಂದು ಯಾರಾದರೂ ಹೇಳಬಹುದು. ಅದಕ್ಕೆ ಗ್ರೀಸಿನ ಸೆರಿಫೋಸ್ ಎಂಬ ಪುಟ್ಟ ದ್ವೀಪದ ನಿದರ್ಶನ ಕೊಡುತ್ತೇನೆ. ಅಲ್ಲಿ ಕಬ್ಬಿಣದ ಅದಿರಿನ ಗಣಿಗಳಿದ್ದವು. 1916ರಲ್ಲಿ ಕೆಲಸಗಾರರು ಮುಷ್ಕರ ಹೂಡಿದಾಗ ಪೊಲೀಸರ ಗುಂಡಿಗೆ ನಾಲ್ವರು ಸತ್ತರು. ಗಣಿ 1960ರ ದಶಕದಲ್ಲಿ ನಿಂತಿತು. ಮೆಗಾಲೊ ಲಿವಾಡಿ ಎಂಬ ಕಡಲತೀರದಲ್ಲಿ ಹಡಗಿಗೆ ಅದಿರು ತುಂಬುತ್ತಿದ್ದ ಕಬ್ಬಿಣದ ಸೇತುವೆ ತುಕ್ಕು ಹಿಡಿದು ನೀರಿನ ಮೇಲೆ ಚಾಚಿಕೊಂಡಿದೆ. ಅದಿರಿನ ಬಂಡಿಗಳ ಹಳಿಗಳು ಹುಲ್ಲಿನಲ್ಲಿ ಉಳಿದಿವೆ. ಅಲ್ಲಿ ವೈಭವವೇನೂ ಇಲ್ಲ. ಆದರೆ ಆ ನಾಲ್ವರಿಗೆ ಒಂದು ಸ್ಮಾರಕವನ್ನು ತೀರದಲ್ಲಿ ನಿಲ್ಲಿಸಿದ್ದಾರೆ. ಸ್ನಾನಕ್ಕೆಂದು ಬರುವ ಪ್ರವಾಸಿ ಆ ಕಲ್ಲಿನ ಮುಂದೆ ಹಾದುಹೋಗಲೇಬೇಕು. ನನ್ನ ವಿದ್ಯಾರ್ಥಿ ಕೇಳಿದ್ದು ಇಂಥದೊಂದು ಕಲ್ಲನ್ನೇ.

ಈಗ ಎದುರುವಾದವನ್ನೂ ಕೇಳಬೇಕು. ಕಳೆದ ಬಾರಿ ನಾನು ಅಲ್ಲಿಗೆ ಹೋದಾಗ, ಹಳೆಯ ಲೈನಿನ ಒಂದು ಜಗುಲಿಯ ಮೇಲೆ ಕುಳಿತಿದ್ದ ನಿವೃತ್ತ ಕೆಲಸಗಾರರೊಬ್ಬರಿಗೆ ಈ ವಿಚಾರವನ್ನೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಮ್ಯೂಸಿಯಂ ಮಾಡಿ ಸಾರ್, ಬೇಡ ಅನ್ನಲ್ಲ. ಮೊದಲು ಈ ಮನೆ ನಮ್ಮದು ಅಂತ ಒಂದು ಕಾಗದ ಕೊಡಿಸಿ. ಈ ಹುಡಿ ನಿಲ್ಲಿಸಿ” ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಬದುಕಿರುವವರಿಗೆ ಸೂರು, ಉಸಿರು, ಕೆಲಸ ಮೊದಲು. ಸತ್ತವರಿಗೆ ಸ್ಮಾರಕ ಆಮೇಲೆ. ಗುಡ್ಡಗಳ ವಿಷಯದಲ್ಲಿಯೂ ಹಾಗೆಯೇ. ಆ ಮಣ್ಣಿನಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸರಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಹದಿಮೂರು ಗುಡ್ಡಗಳು ಹರಡಿರುವುದು ಸುಮಾರು 1,000 ಎಕರೆಯಲ್ಲಿ. ಅದರಿಂದ ಊರಿನ ನೂರಾರು ಮಂದಿಗೆ ಕೆಲಸ ದೊರೆತು ಹುಡಿಯ ಕಾಟ ತಪ್ಪುವುದಾದರೆ, ಗುಡ್ಡ ಇತಿಹಾಸದ ಗುರುತು, ಅದನ್ನು ಮುಟ್ಟಬೇಡಿ ಎಂದು ಬೆಂಗಳೂರಿನಲ್ಲಿಯೋ ಕೋಲಾರದಲ್ಲಿಯೋ ಕುಳಿತ ನನ್ನಂಥವನು ಹೇಳುವುದು ಉಚಿತವಾಗಲಾರದು. ಸ್ಮಾರಕದ ಹೆಸರಿನಲ್ಲಿ ಜನರಿಗೆ ವಿಷವನ್ನು ಕಾಯಲು ಹೇಳಬಾರದು.

ಆದರೆ ಎಲ್ಲವನ್ನೂ ಉಳಿಸುವುದು ಬೇರೆ, ಏನನ್ನೂ ಉಳಿಸದಿರುವುದು ಬೇರೆ. ಹೊಸ ಯಂತ್ರಗಳು ಬರುವ ಮೊದಲು ನಾವು ಕೇಳಬೇಕಾದ್ದು ಬಹಳವೇನಲ್ಲ. ಒಂದು ಶಾಫ್ಟಿನ ಗೋಪುರ, ಅದರ ಹಗ್ಗ ಸುತ್ತುವ ಯಂತ್ರದೊಡನೆ. ಗಿರಣಿಯ ಒಂದು ಭಾಗ. ಬಂಗಲೆಗಳಲ್ಲಿ ಒಂದು, ಅದರ ಜೊತೆಗೆ ತಪ್ಪದೆ ಲೈನಿನ ಒಂದು ಸಾಲು. ಎರಡನ್ನೂ ಒಂದೇ ದಿನ ನೋಡಿದವನಿಗೆ ವಸಾಹತಿನ ಚರಿತ್ರೆಯನ್ನು ಬೇರೆ ಹೇಳಬೇಕಾಗುವುದಿಲ್ಲ. ಗಣಿಯ ಕಡತಗಳಲ್ಲಿ ಸತ್ತವರ ಹೆಸರುಗಳಿದ್ದರೆ, ಅವು ಗೆದ್ದಲಿಗೆ ಆಹುತಿಯಾಗುವ ಮೊದಲು ಒಂದು ಪಟ್ಟಿ. ಮತ್ತು ಕಡೆಯದಾಗಿ, ಆದರೆ ಎಲ್ಲಕ್ಕಿಂತ ಅವಸರದ್ದು, ಮಾತು. ಒಳಗೆ ಇಳಿದ ಕೊನೆಯ ತಲೆಮಾರಿನವರು ಈಗ ಮುಪ್ಪಿನಲ್ಲಿದ್ದಾರೆ. ತಮಿಳು, ತೆಲುಗು, ಕನ್ನಡ, ಇಂಗ್ಲಿಷು ಬೆರೆತ ಅವರ ಕಸುಬಿನ ಭಾಷೆಯಲ್ಲಿ ಬಂಡೆಯ ಸದ್ದಿಗೆ, ಗಾಳಿಯ ವಾಸನೆಗೆ, ಅಪಾಯದ ಸುಳುವಿಗೆ ಪದಗಳಿವೆ. ಕಬ್ಬಿಣ ಇನ್ನೂ ಹತ್ತಾರು ವರ್ಷ ನಿಂತೀತು. ಅವರ ಮಾತಿಗೆ ಅಷ್ಟು ಆಯುಸ್ಸಿಲ್ಲ.

ಇಲ್ಲಿ ಕನ್ನಡದ ಅಧ್ಯಾಪಕನಾಗಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಊರನ್ನು ನಾವು ಬಹುಕಾಲ ‘ತಮಿಳರ ಊರು’ ಎಂದು ಪಕ್ಕಕ್ಕಿಟ್ಟೆವು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ತಾರುಣ್ಯದಲ್ಲಿ ಹೊಟ್ಟೆಪಾಡಿಗಾಗಿ ಕೆಲಕಾಲ ಚಿನ್ನದ ಗಣಿಯ ಊರಿನ ಒಂದು ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು. ಅವರನ್ನು ಪಾಠ ಹೇಳುವಾಗ ನಾನು ಅದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದೆ. ಆ ಊರು ಎಂಥದು, ಅಲ್ಲಿ ಯಾರಿದ್ದರು ಎಂದು ನಿಂತು ಹೇಳಲಿಲ್ಲ. ನಾಲ್ಕು ತಲೆಮಾರು ಈ ನೆಲದ ಒಳಗೆ ಇಳಿದವರನ್ನು ಈ ನೆಲದವರಲ್ಲವೆನ್ನುವುದು ಹೇಗೆ? ಇಷ್ಟು ಆಳಕ್ಕೆ ಕನ್ನಡನಾಡನ್ನು ಬಲ್ಲವರು ಬೇರೆ ಯಾರೂ ಇರಲಾರರು. ಹಳೆಯ ವೀರಗಲ್ಲು ನಿಲ್ಲಿಸಿದವರು ಸತ್ತವನ ಮನೆಮಾತು ಯಾವುದೆಂದು ವಿಚಾರಿಸಿರಲಿಕ್ಕಿಲ್ಲ. ಊರಿಗಾಗಿ ಬಿದ್ದನೇ, ಅಷ್ಟೇ.

ಅಂದು ತರಗತಿಯಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಈ ಮಾತು ಎಲ್ಲಿಯಾದರೂ ಅವನ ಕಿವಿಗೆ ಬಿದ್ದರೆ, ತಡವಾಗಿ ಕೊಡುತ್ತಿರುವ ಉತ್ತರ ಇದು: ನಿನ್ನ ತಂದೆಯನ್ನು ಇಳಿಸಿ ಹತ್ತಿಸಿದ ಆ ಉಕ್ಕಿನ ಗೋಪುರ ಇನ್ನೂ ನಿಂತಿದೆಯಪ್ಪ. ಅದರ ಬುಡದಲ್ಲಿ ಹೆಸರುಗಳನ್ನು ಕೆತ್ತುವುದೊಂದು ಬಾಕಿ. ಆ ಕೆಲಸ ನಿನ್ನೊಬ್ಬನದಲ್ಲ, ನಮ್ಮದೂ ಹೌದು. ಅಂದು ಪಠ್ಯದಲ್ಲಿ ಬರುವುದಿಲ್ಲ ಎಂದದ್ದು ನನ್ನ ತಪ್ಪು.

(ಬಾನುಲಿ ಭಾಷಣ)